ಡಬ್ಬಿಯ ಮೊದಲ ಗೆರೆ

ಕನ್ನಡಕದ ಅಂಗಡಿಯವನು ಅತ್ತಿತ್ತ ನೋಡಿ, ತನ್ನ ಸೈಕಲ್ಲಿನ ಹಿಂದಿನ ಚಕ್ರದ ಗಾಳಿಯನ್ನು ತಾನೇ ಬುಸ್ಸೆಂದು ಬಿಟ್ಟ. ತಿರುವಿನಾಚೆ, ಕಾಡುಹಾದಿಯ ಹಳೇ ಮರದ ಸೇತುವೆಯ ಮೇಲೆ ಅವನ ಷಡ್ಡಕ ನಿಂತಿದ್ದ. ನೆಟ್ಟಗಿರುವ ಸೈಕಲ್ಲಿನವನು ಅಲ್ಲಿ ಇಳಿಯಲು ಒಂದು ಕಾರಣ ಬೇಕಲ್ಲ!

ಸೇತುವೆಯ ಬಳಿ ಹೊಸ ಡಬ್ಬಿ ಇಟ್ಟಿದ್ದಾರೆಂದು ಬೆಳಿಗ್ಗೆಯಷ್ಟೇ ಮೊಬೈಲಿಗೆ ಸುದ್ದಿ ಬಂದಿತ್ತು. ಜಿಯೋಕ್ಯಾಶಿಂಗ್ ಎಂಬ ಆಟವೇ ಹಾಗೆ. ಯಾರೋ ಡಬ್ಬಿ ಬಚ್ಚಿಡುತ್ತಾರೆ, ಮೊಬೈಲು ಸುಮಾರಾಗಿ ಜಾಗ ತೋರಿಸುತ್ತದೆ, ಉಳಿದವರು ಹುಡುಕಿ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಇದ್ದಲ್ಲೇ ಇಟ್ಟು ಬರುತ್ತಾರೆ. ಆಟ ಗೊತ್ತಿಲ್ಲದ ದಾರಿಹೋಕರಿಗೆ ಮಾತ್ರ ಗುಟ್ಟು ಬಿಟ್ಟುಕೊಡಬಾರದು, ಅದೊಂದು ಕಟ್ಟುನಿಟ್ಟು. ಗಮ್ಮತ್ತೆಲ್ಲ ಇರುವುದು ಮೊದಲ ಗೆರೆಯಲ್ಲಿ ಹೆಸರು ಬರೆಯುವುದರಲ್ಲಿ. ಈ ಹಾದಿಯ ಅಷ್ಟೂ ಡಬ್ಬಿಗಳ ಮೊದಲ ಗೆರೆ ಷಡ್ಡಕನ ಪಾಲಾಗಿತ್ತು. ಭಾನುವಾರ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ಅದನ್ನು ಕೊಚ್ಚಿಕೊಳ್ಳುವುದು, ಅತ್ತೆ "ಪಾಪ, ಕನ್ನಡಕ ಮಾರೋ ನಮ್ಮ ಚಿಕ್ಕ ಅಳಿಯಂದ್ರಿಗೇ ಕಣ್ಣು ಕಾಣಲ್ವಲ್ಲಾ" ಎಂದು ಮರುಗುವುದು, ಹೆಂಡತಿ ತಟ್ಟೆಯೊಳಗೆ ಮುಖ ಹುದುಗಿಸಿಕೊಂಡು ನಗುವುದು. ಇವತ್ತೂ ಮೊದಲ ಗೆರೆ ಕೈತಪ್ಪಿದರೆ ಭಾನುವಾರ ಜ್ವರ ಬರಿಸಿಕೊಳ್ಳುವುದೇ ಸರಿ ಎಂದು ಕನ್ನಡಕದವನು ತೀರ್ಮಾನಿಸಿಬಿಟ್ಟಿದ್ದ.

"ಓಹೋ, ಚಷ್ಮ! ಏನಯ್ಯಾ ಈ ಕಡೆ?" ಷಡ್ಡಕನದು ಬೇಕರಿ. ತೋಳಿನ ಮೇಲೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಒಂದು ಕಾಲನ್ನು ಸೇತುವೆಯ ಕಟಕಟೆಯ ಮೇಲೆ ಚಾಚಿಕೊಂಡು, ಒಂದು ಕೈಯನ್ನು ಸದ್ದಿಲ್ಲದೆ ಅದರ ಅಡಿಗೆ ತೂರಿಸಿದ್ದ.

"ಪಂಕ್ಚರ್ ಭಾವ, ಹಾಳಾದ್ದು. ನೀವೇನು ಅಂಗಡಿ ಬಿಟ್ಟು?"

"ಮಂಡಿ ನೋವು ಕಣಯ್ಯಾ. ಡಾಕ್ಟ್ರು ನಡೀರಿ ಅಂದಿದಾರೆ."

"ನಡಿಯೋಕೆ ಬಂದೋರು ಸೈಕಲ್ ಯಾಕೆ ತಂದ್ರಿ?"

"ನಡೆದು ನಡೆದು ಸುಸ್ತಾದ್ರೆ ಬೇಕಲ್ಲ!"

ಇಷ್ಟಕ್ಕೇ ಬಿಡದೆ ಭಾವ ಪಂಪು ತಂದು, ಹಿಟ್ಟು ನಾದುವ ಹುರುಪಿನಲ್ಲಿ ಒತ್ತಿ ಒತ್ತಿ ಚಕ್ರವನ್ನು ಉಬ್ಬಿಸಿದ. "ಎಲ್ಲಿದೆಯೋ ಪಂಕ್ಚರ್? ಕಲ್ಲಾಗಿದೆ ನೋಡು. ಹತ್ತು, ಹೊರಡು, ಅಂಗಡಿಯಲ್ಲಿ ಗಿರಾಕಿ ಕಾಯ್ತಿರ್ತಾರೆ." ಚಷ್ಮ ಹತ್ತಲಿಲ್ಲ. ಮುಂದಿನ ಚಕ್ರದಲ್ಲೂ ಏನೋ ಸದ್ದು ಬರ್ತಿದೆ ಎಂದು ಬಗ್ಗಿದ. ಬುಸ್ಸ್! ಸದ್ದು ಇಬ್ಬರಿಗೂ ಕೇಳಿಸಿತು.

"ನಿನಗೂ ಸುದ್ದಿ ಬಂತೇನೋ?" ಭಾವ ಕಣ್ಣು ಕಿರಿದು ಮಾಡಿದ.

"ಯಾವ ಸುದ್ದಿ ಭಾವ?"

"ಯಾವುದೂ ಇಲ್ಲ, ಸುಮ್ನೆ ಕೇಳ್ದೆ."

ಇಷ್ಟು ಹೇಳಿದ್ದೇ ತಡ, ಭಾವನ ಮಂಡಿ ನೋವು ಎಲ್ಲಿ ಹೋಯಿತೋ! ಇಬ್ಬರೂ ಧೊಪ್ಪೆಂದು ನೆಲಕ್ಕೆ ಬಿದ್ದು, ಹಲಗೆಗಳ ಸಂದಿಗೆ ಕೈ ಹಾಕುತ್ತಾ, ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಾ ತೆವಳತೊಡಗಿದರು.

"ಏನ್ರೀ ಕಳ್ಕೊಂಡ್ರಿ?"

ಪುಟ್ಟ ನಾಯಿಯನ್ನು ಹಿಡಿದುಕೊಂಡ ದಪ್ಪನೆಯ ಹೆಂಗಸೊಬ್ಬಳು ಸೇತುವೆಯ ತುದಿಯಲ್ಲಿ ನಿಂತಿದ್ದಳು. ಇಬ್ಬರೂ ಕಪ್ಪೆಗಳ ಹಾಗೆ ಕೂತಲ್ಲೇ ಮರಗಟ್ಟಿದರು. ಆಟದ ನಿಯಮ! ಎಂಥ ಜಗಳವಿದ್ದರೂ ನಿಯಮ ನಿಯಮವೇ.

"ಉಂಗುರ," ಎಂದ ಚಷ್ಮ.

"ಮದುವೆ ಉಂಗುರ," ಭಾವ ಒಗ್ಗರಣೆ ಹಾಕಿದ. "ಇವನದೇ. ಸಿಗದೆ ಹೋದ್ರೆ ಹೆಂಡ್ತಿ ಮನೆಗೆ ಸೇರ್ಸಲ್ಲ."

"ಅಯ್ಯೋ ನನ್ನಪ್ಪಾ! ಸರೀರಿ ಸರೀರಿ, ಗಂಡಸರು ಹುಡುಕಿದ್ರೆ ಆನೆನೂ ಸಿಗಲ್ಲ." ನಾಯಿಯನ್ನು ಕಂಬಕ್ಕೆ ಕಟ್ಟಿ, ಆಕೆ ಬಗ್ಗಿ ಕಟಕಟೆಯ ಅಡಿಗೆ ಒಮ್ಮೆ ಕೈಯಾಡಿಸಿದಳು, ಅಷ್ಟೇ. "ಉಂಗುರ ಅಲ್ಲ, ಯಾವುದೋ ಡಬ್ಬಿ. ನಿಮ್ದಾ?"

"ಅಲ್ಲ!" ಎಂದವು ಎರಡು ಬಾಯಿ. ಎರಡು ಎದೆಗಳು ಮಾತ್ರ ಲಬೋ ಲಬೋ ಎಂದವು.

ಆಕೆ ಮುಚ್ಚಳ ತೆಗೆದಳು. "ಅರೆ, ಕಾಗದ, ಪೆನ್ಸಿಲ್ಲು! ದೇವರೇ ಇಟ್ಟ ಹಾಗಿದೆ. ಸ್ವಲ್ಪ ಬಗ್ಗಿಪ್ಪಾ." ಚಷ್ಮ ಬಗ್ಗಿದ. ಚೀಟಿಯನ್ನು ಅವನ ಬೆನ್ನಿನ ಮೇಲೆ ಹರವಿ ಆಕೆ ಒತ್ತಿ ಒತ್ತಿ ಬರೆದಳು. ಮೊದಲ ಗೆರೆಯ ಒಂದೊಂದು ಅಕ್ಷರವೂ ಅವನ ಬೆನ್ನಿಗೆ ನಾಟಿತು. ಕೊನೆಗೆ ಚುಕ್ಕೆಯನ್ನೂ ಇಟ್ಟಳು.

"ನನ್ನ ಹೆಸರು, ಫೋನ್ ನಂಬರು. ಉಂಗುರ ಸಿಕ್ಕಿದ್ ತಕ್ಷಣ ಒಂದು ಫೋನ್ ಮಾಡ್ಬಿಡಿ. ಅಲ್ಲೀವರೆಗೆ ನಂಗೆ ಊಟ ಸೇರಲ್ಲ." ಡಬ್ಬಿಯನ್ನು ಭಾವನ ಕೈಗೆ ತುರುಕಿ, ನಾಯಿಯನ್ನು ಬಿಚ್ಚಿಕೊಂಡು ಹೊರಟಳು.

ಷಡ್ಡಕರಿಬ್ಬರೂ ಚೀಟಿಯನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು.

"ನೀವು ಬರೀರಿ ಭಾವ, ದೊಡ್ಡೋರು."

"ಛೆ ಛೆ, ಉಂಗುರ ಕಳ್ಕೊಂಡೋನು ನೀನು. ನೀನೇ ಬರಿ."

"ನೀವಿರೋವಾಗ ನಾನು ಹೆಂಗೆ..."

ಇಷ್ಟು ದಿನ ಅತ್ತೆಯ ಮನೆಯಲ್ಲಿ ಎಂದೂ ಕಾಣದ ಮರ್ಯಾದೆ ಎರಡನೆಯ ಗೆರೆಗೆ ಒದಗಿ ಬಂದು, ಪೆನ್ಸಿಲ್ಲು ಆ ಕೈಯಿಂದ ಈ ಕೈಗೆ ಓಡಾಡುತ್ತಿರುವಾಗಲೇ ತಿರುವಿನ ಕಡೆಯಿಂದ ಅದೇ ಹೆಂಗಸಿನ ದನಿ ಬಂತು:

"ಸಿಕ್ತೇನ್ರೀ?"

ಡಬ್ಬಿಯನ್ನು ಅಂಗಿಯೊಳಗೆ ತೂರಿಸಿ, ಇಬ್ಬರೂ ಮತ್ತೆ ಮಂಡಿಯೂರಿ ಹಲಗೆಗಳ ಸಂದಿಯಲ್ಲಿ ಶ್ರದ್ಧೆಯಿಂದ ಕೈಯಾಡಿಸತೊಡಗಿದರು.