ಲಕೋಟೆಯ ಮೇಲಿನ ಮೊಹರು

ಒದ್ದೆ ಬೀಡಿ ಎಲೆಯ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನರಿಕೊಂಬಿನ ನಮ್ಮ ಜಗಲಿಯಲ್ಲಿ ಮಧ್ಯಾಹ್ನ ಅಮ್ಮ ಮತ್ತು ನೆರೆಮನೆಯ ಐಸಮ್ಮ ಬೀಡಿ ಕಟ್ಟುತ್ತಿದ್ದರು. ಇಬ್ಬರಿಗೂ ಓದಲು ಬರುತ್ತಿರಲಿಲ್ಲ. ರಜೆಯಲ್ಲಿ ಅವರಿಗೆ ಪತ್ತೇದಾರಿ ಕಾದಂಬರಿ ಓದಿ ಹೇಳುವುದು ನನ್ನ ಕೆಲಸ. ಬೂಟಿನ ಕೆಸರು ನೋಡಿಯೇ ಆಸಾಮಿ ಎಲ್ಲಿಂದ ಬಂದನೆಂದು ಹೇಳುವ ಆ ಪತ್ತೇದಾರನ ಹುಚ್ಚು ನನಗೆ ಎಷ್ಟು ಹಿಡಿದಿತ್ತೆಂದರೆ, ಮನೆಗೆ ಬಂದವರ ಚಪ್ಪಲಿಗಳನ್ನೆಲ್ಲ ಮಗುಚಿ ನೋಡುತ್ತಿದ್ದೆ.

“ಬೇಗ ಓದು ಮಾರಾಯ್ತಿ, ಕೊಂದದ್ದು ಯಾರೂಂತ ಗೊತ್ತಾಗದೆ ನನ್ನ ಕೈ ಓಡುವುದಿಲ್ಲ,” ಎಂದರು ಐಸಮ್ಮ ಒಂದು ದಿನ.

ಇನ್ನು ನಾಲ್ಕೇ ಪುಟ ಇರುವಾಗ ಅಂಚೆಯವರು ಅಪ್ಪನ ಕಾಗದ ಕೊಟ್ಟು ಹೋದರು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು; ಎರಡು ವರ್ಷದಿಂದ ಊರಿಗೆ ಬಂದಿರಲಿಲ್ಲ. ‘ಈ ಸಲವೂ ರಜೆ ಸಿಗುವುದಿಲ್ಲ’ ಎಂಬುದನ್ನು ಒಂದೇ ಉಸಿರಿಗೆ ಓದಿ ಮುಗಿಸಿ, ಲಕೋಟೆಯನ್ನು ಬೆಳಕಿಗೆ ಹಿಡಿದೆ.

“ಅಮ್ಮಾ, ಅಪ್ಪ ಬೊಂಬಾಯಿಯಲ್ಲಿ ಇಲ್ಲ! ಇದರಲ್ಲಿ ಇಲ್ಲೇ ಹತ್ತಿರದ ಮಂಗಳೂರಿನ ಮೊಹರು ಉಂಟು!”

ಕಥೆಯಲ್ಲಾದರೆ ಇಂಥ ಹೊತ್ತಿಗೆ ಎಲ್ಲರೂ ಬೆರಗಾಗಿ ಪತ್ತೇದಾರನನ್ನು ನೋಡುತ್ತಾರೆ. ಐಸಮ್ಮ ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದರು. ಅಮ್ಮ ಅರ್ಧ ಸುತ್ತಿದ ಬೀಡಿಯನ್ನು ಪೂರ್ತಿ ಸುತ್ತಿ, ನೂಲು ಬಿಗಿದು, ಅದರ ಬಾಯಿ ಮಡಚಿ ಮೊರದಲ್ಲಿಟ್ಟಳು. ಎಂದಿನಷ್ಟೇ ನೀಟಾದ ಬೀಡಿ.

“ಹಿಂದಿನ ಮೂರು ಕಾಗದವೂ ಅಲ್ಲಿಂದಲೇ ಬಂದದ್ದು ಮಗಾ. ಅಂಚೆಯವರಲ್ಲಿ ಕೇಳಿದ್ದೇನೆ,” ಎಂದಳು. “ನೀನು ಕಥೆ ಓದು. ಕೊಂದದ್ದು ಯಾರು?”