ತಲೆಕೆಳಗಾದ ಮುಖ

ಜಾಕು ಜಾರಿ ವ್ಯಾನು ಕೂತದ್ದೇ ತಡ, ಅಡಿಯಲ್ಲಿ ಅಂಗಾತ ಮಲಗಿದ್ದ ಮೆಕ್ಯಾನಿಕ್‌ನ ಎದೆಗೆ ಕಬ್ಬಿಣ ಒತ್ತಿಕೊಂಡಿತು. ತಲೆಯೊಂದೇ ಅಲುಗಾಡುತ್ತಿತ್ತು, ಕಿವಿ ಗುಂಯ್‌ಗುಡುತ್ತಿತ್ತು. ಅಷ್ಟರಲ್ಲಿ ಅವನ ನೆತ್ತಿಯ ಕಡೆಯಿಂದ ಒಂದು ಮುಖ ಬಗ್ಗಿತು. ಗಲ್ಲ ಮೇಲೆ, ಹಣೆ ಕೆಳಗೆ. ಕಣ್ಣೀರು ಹಣೆಯ ಕಡೆಗೆ ಇಳಿಯುತ್ತಿತ್ತು.

“ಯಾರಮ್ಮಾ ನೀವು? ನನ್ನ ಹೆಂಡ್ತೀನ ಹತ್ರ ಬಿಡಬೇಡಿ. ಇದು ಇನ್ನೂ ಕೂರುತ್ತೆ.”

“ಅಯ್ಯೋ, ನಾನೇ ರೀ!”

ಅವನು ಮತ್ತೆ ಮತ್ತೆ ನೋಡಿದ. ಗುರುತೇ ಹತ್ತಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದವಳ ಮುಖವೇ ಮರೆತುಹೋಯಿತೇ, ತಲೆಗೂ ಪೆಟ್ಟು ಬಿತ್ತೇ ಎಂದು ಜೀವ ಝಲ್ಲೆಂದಿತು.

ಅವಳಿಗೆ ಏನು ಹೊಳೆಯಿತೋ, ಸೆರಗು ಬಿಗಿದು ಕಾಲು ಮುಂದೆ ಮಾಡಿ ವ್ಯಾನಿನಡಿ ನುಸುಳಿದಳು. ಆಯಿಲ್ ಚೆಲ್ಲಿದ ನೆಲಕ್ಕೆ ಕೆನ್ನೆಯಿಟ್ಟು ಅವನ ಪಕ್ಕ ಮಲಗಿದಳು. ಅವನು ಕತ್ತು ಹೊರಳಿಸಿದ. ಹಣೆ ಹಣೆಯ ಜಾಗಕ್ಕೆ ಬಂತು, ಬಾಯಿ ಬಾಯಿಯ ಜಾಗಕ್ಕೆ ಬಂತು.

“ನೀನಾ! ಎದ್ದು ಹೋಗೇ ಮಾರಾಯ್ತಿ, ಬುದ್ಧಿಗಿದ್ದಿ ಇದೆಯಾ?”

“ಬೇರೆ ಜಾಕು ತರ್ತಿದ್ದಾರೆ. ಅಲ್ಲೀವರೆಗೂ ಬೈತಾ ಇರಿ, ಉಸಿರಾದ್ರೂ ಆಡುತ್ತೆ.”