ಕತ್ತರಿ ಸೋಕದ ತಲೆ

ಪಂಜಾಬ್ ಬಿಟ್ಟು ಪರದೇಶದಲ್ಲಿ ಟ್ಯಾಕ್ಸಿ ಓಡಿಸಿ ಸಂಸಾರ ಸಾಕಿದ ಬಚಿತ್ತರ್ ಸಿಂಗರು ಜನ್ಮದಲ್ಲಿ ತಲೆಗೆ ಕತ್ತರಿ ಸೋಕಿಸಿದವರಲ್ಲ. ಮಿದುಳಿನ ಗೆಡ್ಡೆ ತೆಗೆಯಲು ತಲೆ ಬೋಳಿಸಬೇಕೆಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಮಾತೇ ಆಡದಾದರು. ಒಂದು ಬೆಳಿಗ್ಗೆ ಎಚ್ಚರ ತಪ್ಪಿ ಬಿದ್ದಾಗ, ಕೂದಲು ಮುಟ್ಟಕೂಡದೆಂದು ಆಸ್ಪತ್ರೆಯವರಿಗೆ ಹೇಳಿದವನು ಮಗ ತೇಜ್‌ಪಾಲ. ಅಪ್ಪ ಉಳಿಯಲಿಲ್ಲ.

ಗುರುದ್ವಾರದಲ್ಲಿ ನೆನಪಿನ ಪ್ರಾರ್ಥನೆಗೆ ಬಂದವರೆಲ್ಲ ಅವನ ಬೆನ್ನು ಸವರಿದರು.

“ಪ್ರಾಣ ಹೋದ್ರೂ ಕೇಶ ಬಿಟ್ಕೊಡ್ಲಿಲ್ಲ. ಎಂಥಾ ಅಪ್ಪ, ಎಂಥಾ ಮಗ!”

ಜನ ಕರಗಿದ ಮೇಲೆ, ಅಲ್ಲಿ ಗ್ರಂಥ ಓದುವ ಮುದುಕರು ಹತ್ತಿರ ಬಂದರು.

“ಆಪರೇಶನ್ ಯಾಕಪ್ಪ ಬೇಡ ಅಂದೆ?”

“ಅಪ್ಪ ಒಪ್ತಿರ್ಲಿಲ್ಲ, ಬಾಬಾಜಿ.”

ಮುದುಕರು ಅವನ ಮುಖವನ್ನೇ ನೋಡಿದರು.

“ಬೀಳೋ ಹಿಂದಿನ ಸಂಜೆ ಇಲ್ಲೇ ಕೂತು ಒಪ್ಕೊಂಡಿದ್ರಲ್ಲಪ್ಪ. ‘ಮೊಮ್ಮಗಳು ಬೆಳೆಯೋದನ್ನ ನೋಡ್ಬೇಕು, ಕೂದ್ಲು ಮತ್ತೆ ಬರುತ್ತೆ, ನಾಳೆ ಮಗನಿಗೆ ಹೇಳ್ತೀನಿ’ ಅಂದ್ರು.”